ಎದುರು ಕೂತವಳ ಓದು

ಹೀರಾ ಲಮಾಣಿಗೆ ಓದಿನಲ್ಲಿ ಸೊನ್ನೆ ಬಂತು. ನೂರಕ್ಕೆ ಐದಲ್ಲ, ಹತ್ತಲ್ಲ, ಚೊಕ್ಕ ಸೊನ್ನೆ. ಕೊಟ್ಟದ್ದು ಮನುಷ್ಯರಾಗಿದ್ದರೆ ಅವಳಿಗೆ ಪಾಠ ಹೇಳುವ ಅನ್ನಪೂರ್ಣಾ ಅಕ್ಕೋರು ಅವರ ಮನೆ ಬಾಗಿಲಿಗೇ ಹೋಗಿ ಜಗಳ ತೆಗೆಯುತ್ತಿದ್ದರು. ಕೊಟ್ಟದ್ದು ಓದುಗಣ್ಣು. ಅದಕ್ಕೆ ಮನೆಯೂ ಇಲ್ಲ, ಬಾಗಿಲೂ ಇಲ್ಲ, ಮುಖದ ಮೇಲೆ ನಾಲ್ಕು ಮಾತು ಅಂದರೆ ನಾಚಿಕೆಯೂ ಇಲ್ಲ.

ಓದುಗಣ್ಣು ಅಂದರೆ ಪಾಟಿಯಷ್ಟು ಅಗಲದ ಒಂದು ಪರದೆ, ಅದರ ಮೇಲಂಚಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಕ್ಯಾಮೆರಾ. ಪರದೆಯ ಮೇಲೆ ಹತ್ತು ಸಾಲು ಮೂಡುತ್ತವೆ. ಮಗು ಬಾಯಿ ಬಿಡಬೇಕಾಗಿಲ್ಲ, ಸುಮ್ಮನೆ ನೋಡಿದರೆ ಸಾಕು. ಓದುವ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುವುದಿಲ್ಲ, ಕುಪ್ಪಳಿಸಿಕೊಂಡು ಹೋಗುತ್ತದೆ. ಒಂದು ಪದದ ಮೇಲೆ ಚೂರು ನಿಲ್ಲುತ್ತದೆ, ಮುಂದಿನದಕ್ಕೆ ಹಾರುತ್ತದೆ, ಕಷ್ಟದ ಪದ ಬಂದರೆ ಹಿಂದೆ ಬಂದು ಮತ್ತೊಮ್ಮೆ ನೋಡುತ್ತದೆ. ಆ ಕುಪ್ಪಳಿಕೆಗಳನ್ನೆಲ್ಲ ಹಿಡಿದು, ಈ ಮಗು ಓದಬಲ್ಲದೋ ಇಲ್ಲವೋ ಅಂತ ಎರಡು ನಿಮಿಷದಲ್ಲಿ ಯಂತ್ರ ತೀರ್ಪು ಕೊಡುತ್ತದೆ. ಪಾಠವನ್ನು ಉರು ಹೊಡೆದು ಒಪ್ಪಿಸುವ ಮಕ್ಕಳು ಮಾಸ್ತರರನ್ನು ಏಮಾರಿಸಬಹುದು, ಯಂತ್ರವನ್ನು ಏಮಾರಿಸಲಾಗದು. ಅದಕ್ಕೇ ಎಲ್ಲರೂ ಅದನ್ನು ಹೊಗಳಿದ್ದೇ ಹೊಗಳಿದ್ದು.

ತೀರ್ಪು ಬರೀ ಅಂಕದ ವಿಷಯವಾಗಿದ್ದರೆ ಅಕ್ಕೋರು ಹೋಗಲಿ ಬಿಡು ಅನ್ನುತ್ತಿದ್ದರೇನೋ. ಆದರೆ ಮಗುವಿಗೆ ಒಂಬತ್ತು ತುಂಬುವ ದಿನ ಈ ಅಂಕ ನೋಡಿ ಎರಡು ಹಾದಿಗಳಲ್ಲಿ ಒಂದಕ್ಕೆ ಹಚ್ಚುತ್ತಾರೆ. ಓದುವವರು ಅಕ್ಷರದ ಹಾದಿಗೆ, ಓದಲಾರದವರು ದನಿಯ ಹಾದಿಗೆ. ದನಿಯ ಹಾದಿಯ ಮಗುವಿಗೆ ಕಿವಿಮಣಿ ಕೊಡುತ್ತಾರೆ. ಕಡಲೆಕಾಳಿನಷ್ಟು ಮಣಿ, ಕಿವಿಯೊಳಗೆ ಕೂರುತ್ತದೆ, ಎದುರಿಗಿರುವ ಬೋರ್ಡು, ಕಾಗದ, ಔಷಧಿ ಚೀಟಿ ಏನೇ ಇರಲಿ, ಅದನ್ನು ಓದಿ ಅವರವರ ಮನೆಮಾತಿನಲ್ಲೇ ಕಿವಿಯಲ್ಲಿ ಹೇಳುತ್ತದೆ ಅನ್ನುತ್ತಾರೆ. ಇಷ್ಟು ಅನುಕೂಲ ಇರುವಾಗ ಓದಲಾರದ ಕೂಸಿಗೆ ಅಕ್ಷರದ ಹಿಂಸೆ ಯಾಕೆ ಅಂತ ಮೇಲಿನವರಿಗೆ ಕರುಣೆ ಉಕ್ಕಿ ಬಂದಿತ್ತು. ಆ ಹಾದಿಯ ಶಾಲೆಯಲ್ಲಿ ಗೋಡೆಯ ಮೇಲೆ ಒಂದಕ್ಷರ ಇರುವುದಿಲ್ಲ, ಪಾಟಿ ಇಲ್ಲ, ಪೆನ್ಸಿಲ್ ಇಲ್ಲ. ಎರಡೂ ಬೆರೆಸಿದರೆ ಮಗು ಗಲಿಬಿಲಿಯಾಗುತ್ತದಂತೆ. ವರ್ಷ ಕಳೆಯುವುದರೊಳಗೆ ಕಣ್ಣು ಅಕ್ಷರದ ಮೇಲೆ ನಿಲ್ಲುವುದನ್ನೇ ಬಿಟ್ಟುಬಿಡುತ್ತದೆ. ಅಲ್ಲಿಂದ ತಿರುಗಿ ಬಂದ ಮಗುವನ್ನು ಅಕ್ಕೋರು ಈವರೆಗೆ ನೋಡಿರಲಿಲ್ಲ.

ಹೀರಾಳಿಗೆ ಶನಿವಾರ ಒಂಬತ್ತು ತುಂಬುತ್ತಿತ್ತು. ಸೊನ್ನೆ ಬಂದದ್ದು ಮಂಗಳವಾರ.

ಬ್ಯಾಡಗಿ ಸೀಮೆಯ ಹಿರೇಕಣ ಮೆಣಸಿನಕಾಯಿಯ ಊರು. ಸುಗ್ಗಿ ಬಂತೆಂದರೆ ಸುತ್ತಲಿನ ತಾಂಡಾಗಳಿಂದ ಲಮಾಣಿ ಕುಟುಂಬಗಳು ತುಂಬು ಬಿಡಿಸಲು, ಅಂದರೆ ಒಣಮೆಣಸಿನ ತೊಟ್ಟು ಕೀಳಲು, ಬಂದು ನಾಲ್ಕು ತಿಂಗಳು ಬಿಡಾರ ಹೂಡುತ್ತವೆ. ಅವರ ಮಕ್ಕಳು ಅಷ್ಟು ದಿನ ಅಕ್ಕೋರ ಶಾಲೆಗೆ ಬರುತ್ತಾರೆ. ಬಂದಾಗ ಕನ್ನಡ ಅಷ್ಟಕ್ಕಷ್ಟೆ, ಮನೆಯಲ್ಲಿ ಲಂಬಾಣಿ ಮಾತು. ಊರ ಮಕ್ಕಳಿಗೆ ತಲೆಗೊಂದು ಪರದೆ ಇದೆ, ಬಂದು ಹೋಗುವ ಮಕ್ಕಳಿಗೆ ಮಂಜೂರಾಗಿಲ್ಲ. ಅಚ್ಚಿನ ಪುಸ್ತಕ ಬರುವುದು ನಿಂತು ಎಷ್ಟೋ ವರ್ಷವಾಯಿತು. ಅಕ್ಕೋರ ಟ್ರಂಕಿನಲ್ಲಿ ಅವರದೇ ಹಳೆಯ ವಾಚಕವೊಂದು ಉಳಿದಿತ್ತು. ಆ ಒಂದೇ ಪುಸ್ತಕವನ್ನು ಚಾಪೆಯ ನಡುವೆ ಹಾಸಿ, ಸುತ್ತ ಹನ್ನೊಂದು ಮಕ್ಕಳನ್ನು ಕೂರಿಸಿಕೊಂಡು ಅವರು ಕಲಿಸುತ್ತಿದ್ದರು. ಮೂರು ಸುಗ್ಗಿಯಿಂದ ಬರುತ್ತಿದ್ದ ಹೀರಾ ಆ ಹನ್ನೊಂದರಲ್ಲಿ ಎಲ್ಲರಿಗಿಂತ ಚುರುಕು. ಅಂಥವಳಿಗೆ ಸೊನ್ನೆ.

"ಬಾ ಇಲ್ಲೆ," ಅಂದರು ಅಕ್ಕೋರು. ತಾವು ಚಾಪೆಯ ಮೇಲೆ ಕೂತು ಪುಸ್ತಕ ಬಿಚ್ಚಿದರು. ಹೀರಾ ಎದುರಿಗೆ ಬಂದು ಕೂತಳು. ಇನ್ನೂ ಯಾರಿಗೂ ಹೇಳಿಕೊಡದ, ಬಾವಿ ತೋಡುವವರ ಪಾಠವನ್ನು ತೆಗೆದು, "ಓದು," ಅಂದರು.

ಹುಡುಗಿ ಓದಿದಳು. ನಡುವೆ ಒಂದು ಕಡೆ 'ನೀರಿನ ಸೆಲೆ' ಅನ್ನುವಲ್ಲಿ ಎಡವಿ, "ಸೆಲೆ ಅಂದ್ರ ಏನ್ರಿ ಅಕ್ಕೋರ?" ಅಂತ ಕೇಳಿ, ಅರ್ಥ ಗೊತ್ತಾದ ಮೇಲೆ ಮುಂದೆ ಹೋದಳು. ಪಾಟಿಯ ಮೇಲೆ ಎರಡು ಸಾಲು ಬರೆ ಅಂದರೆ, ಕೂತಲ್ಲೇ ಬರೆದು ತೋರಿಸಿದಳು. ಅಕ್ಕೋರ ಕಣ್ಣಿಗೆ ಅಕ್ಷರ ದುಂಡಗೆ ಚೆನ್ನಾಗಿಯೇ ಕಂಡವು.

"ಮತ್ತ ಆ ಪರದೆ ಮುಂದ ಏನಾತ ನಿನಗ?"

ಹೀರಾ ತುಟಿ ಕಚ್ಚಿಕೊಂಡಳು. "ಅದರಾಗ ಬರದದ್ದು ನೆಟ್ಟಗಿರಲಿಲ್ರಿ. ನೆಟ್ಟಗ ಮಾಡಾಕ ಹೋದ್ರ ಮತ್ತ ಹಂಗ ಆಗತಿತ್ರಿ."

ಅಕ್ಕೋರಿಗೆ ಇದರ ತಲೆಬುಡ ತಿಳಿಯಲಿಲ್ಲ. ಯಂತ್ರ ಕೆಟ್ಟಿದೆ ಅಂತ ಅವರು ತೀರ್ಮಾನ ಮಾಡಿಬಿಟ್ಟರು. ಮರುದಿನ ರಜೆ ಚೀಟಿ ಬರೆದಿಟ್ಟು ಜಿಲ್ಲಾ ಕೇಂದ್ರದ ಬಸ್ಸು ಹತ್ತಿದರು.

ಮಕ್ಕಳ ಹಾದಿ ತೀರ್ಮಾನಿಸುವ ಹಾದಿ ಕೇಂದ್ರದ ಒಳಗೆ ಒಂದು ಇಡೀ ಗೋಡೆ ಕಣ್ಣುಗಳಿಂದ ತುಂಬಿತ್ತು. ಜಿಲ್ಲೆಯ ಯಾವ ಶಾಲೆಯಲ್ಲಿ ಯಾವ ಮಗು ಪರದೆಯ ಮುಂದೆ ಕೂತಿದ್ದರೂ ಅದರ ಎರಡು ಕಣ್ಣು ಇಲ್ಲಿ ಗೋಡೆಯ ಮೇಲೆ ಕಾಣುತ್ತಿದ್ದವು. ನೂರಾರು ಜೊತೆ ಕಣ್ಣು, ಕೆಳಗೆ ಒಂದೊಂದು ನಂಬರು. ಹೆಸರು ಎಲ್ಲೂ ಇರಲಿಲ್ಲ.

ಅಲ್ಲಿ ಯಂತ್ರ ನೋಡಿಕೊಳ್ಳುವ ತೌಸಿಫ್ ಹಾನಗಲ್, ಅಕ್ಕೋರ ಹಳೆಯ ವಿದ್ಯಾರ್ಥಿ. ಅಕ್ಕೋರನ್ನು ಕಂಡವನೇ ಕುರ್ಚಿ ಬಿಟ್ಟು ಎದ್ದ. ಚಹಾ ತರಿಸಿದ. ಹೀರಾಳ ನಂಬರು ಹೊಡೆದು ಅವಳ ಕಣ್ಣು ಓಡಾಡಿದ ಗೆರೆಯನ್ನು ತೆಗೆದು ತೋರಿಸಿದ.

"ಇದು ಬ್ಯಾರೆ ಕೂಸಿಂದು ನೋಡ್ರಿ ಅಕ್ಕೋರ, ಎಡಕ್ಕ ಮ್ಯಾಲಿನಿಂದ ಶುರು, ಸಾಲಿನ ಗುಂಟ ಬಲಕ್ಕ. ಇದು ನಿಮ್ಮ ಹೀರಾಂದು. ಬಲಗಡೆ ಕೆಳಗ ಮೂಲ್ಯಾಗಿಂದ ಹೊಂಟೈತಿ, ಎಡಕ್ಕ ಬಂದೈತಿ, ಮ್ಯಾಲೆ ಏರೇತಿ. ಕಣ್ಣೇನೋ ಕುಪ್ಪಳಿಸೈತಿ, ಆದ್ರ ಓದಿಲ್ಲ. ಆಮ್ಯಾಲೆ ಪರದೆನ ಎತ್ತಿ ನಾಕು ಸಲ ತಿರುಗಿಸ್ಯಾಳ. ಆಟಾ ಆಡ್ಯಾಳ ಅಂತ ಬರಕೊಂಡೈತಿ ಯಂತ್ರ."

"ಆಟಾ ಆಡೋ ಹುಡುಗಿ ಅಲ್ಲಪ್ಪಾ ಅಕಿ."

"ನನಗ ಗೊತ್ರಿ. ಯಂತ್ರಕ್ಕ ಗೊತ್ತಿಲ್ಲ," ಅಂದ ತೌಸಿಫ್.

ತೀರ್ಪಿನ ಅಧಿಕಾರಿ ಚಿದಾನಂದ ಬಣಕಾರರು ಒಳಗಿನ ಕೋಣೆಯಲ್ಲಿದ್ದರು. ಮೆತ್ತಗೆ ಮಾತಾಡುವ ಮನುಷ್ಯ. ಅಕ್ಕೋರು ಹೇಳಿದ್ದನ್ನೆಲ್ಲ ತಲೆದೂಗಿ ಕೇಳಿದರು. ಕೇಳಿ ಮುಗಿಸಿ, "ಅಕ್ಕೋರೆ, ಹುಡುಗಿ ಓದಿದ್ದನ್ನು ನೀವು ಕಿವಿಯಿಂದ ಕೇಳೀರಿ. ಅದು ಸಾಕ್ಷಿ ಆಗೋದಿಲ್ಲ," ಅಂದರು.

"ಕಲಿಸದ ಪಾಠ ಓದ್ಯಾಳ್ರಿ ಸಾಹೇಬ್ರ."

"ಯಾರಾದರೂ ಮೊದಲೇ ಓದಿ ಹೇಳಿಕೊಟ್ಟಿರಬಹುದು. ನೋಡ್ರಿ, ನಿಮ್ಮ ಕಳಕಳಿ ನನಗೆ ತಿಳೀತದೆ. ಆದರೆ ಮಗುವನ್ನ ಯಾಕೆ ಹಿಂಸೆ ಮಾಡ್ತೀರಿ? ಮಣಿ ಹಾಕಿದರೆ ನಾಳೆಯಿಂದ ಅವಳಿಗೆ ಎಲ್ಲಾ ಗೊತ್ತಾಗ್ತದೆ."

"ಒಂದು ತಿಂಗಳು ಟೈಮ್ ಕೊಡ್ರಿ. ಮತ್ತೊಮ್ಮೆ ಕೂರಿಸ್ತೀನಿ."

"ಒಂಬತ್ತು ತುಂಬಿದ ಮೇಲೆ ಒಂದು ದಿನಾನೂ ಕೊಡಾಕ ಬರೋದಿಲ್ಲ. ಶನಿವಾರ ಅವಳ ಅವ್ವನ್ನ ಕರಕೊಂಡು ಬರ್ರಿ. ಒಂದು ಹೆಬ್ಬೆಟ್ಟು ಒತ್ತಿದರೆ ಮುಗೀತು."

ಅಕ್ಕೋರಿಗೆ ಮೈ ಉರಿದು ಹೋಯಿತು. ಮೂವತ್ತೊಂದು ವರ್ಷ ಅವರು ಕೆಲಸ ಮಾಡಿದ್ದೇ ಯಾರೂ ಹೆಬ್ಬೆಟ್ಟು ಒತ್ತಬಾರದೆಂದು. ಅದನ್ನು ಬಾಯಿಬಿಟ್ಟು ಹೇಳಲು ಹೋದರೆ ಅಳು ಬಂದೀತೆಂದು ಸುಮ್ಮನೆ ಎದ್ದು ಬಂದರು. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ, ಬಣಕಾರರಿಗೆ ಹೇಳಬೇಕಾಗಿದ್ದ ಮಾತುಗಳನ್ನೆಲ್ಲ ಹಿರೇಕಣ ಬರುವವರೆಗೆ ಒಬ್ಬರೇ ಹೇಳಿಕೊಂಡರು.

ಗುರುವಾರ ಶಾಲೆ ಬಿಟ್ಟ ಮೇಲೆ ಅವರು ಮೆಣಸಿನಕಾಯಿ ಕಣಕ್ಕೆ ಹೋದರು. ಮೂಗಿಗೆ ಸೆರಗು ಹಿಡಿದರೂ ಘಾಟು ಗಂಟಲಿಗೆ ಇಳಿಯಿತು. ಮೊಣಕಾಲೆತ್ತರದ ಕೆಂಪು ರಾಶಿಗಳು, ಒಂದೊಂದರ ಸುತ್ತ ಹೆಂಗಸರು. ಕೈ ತಮ್ಮಷ್ಟಕ್ಕೆ ತುಂಬು ಬಿಡಿಸುತ್ತಿದ್ದವು, ಬಾಯಿ ಮಾತಾಡುತ್ತಿದ್ದವು, ನಡುನಡುವೆ ಎಲ್ಲರೂ ಕೆಮ್ಮುತ್ತಿದ್ದರು.

ಹೀರಾಳ ಅವ್ವ ಚಾಂದಿಬಾಯಿ ಜಾಗ ಬಿಟ್ಟು ಕೊಟ್ಟು, ಗೋಣಿಚೀಲ ಹಾಸಿ ಕೂರಿಸಿದಳು. ಅವಳ ಕಿವಿಯಲ್ಲಿ ಮಣಿ ಇತ್ತು. ದೊಡ್ಡವರಿಗೆ ಮೂರು ವರ್ಷದ ಹಿಂದೆಯೇ ಹಂಚಿದ್ದರು.

ಅಕ್ಕೋರು ಇದ್ದದ್ದು ಇದ್ದಂತೆ ಹೇಳಿದರು. ಚಾಂದಿಬಾಯಿ ಕೇಳಿಸಿಕೊಂಡು, "ಸಿಟ್ಟಾಗಬ್ಯಾಡ್ರಿ ಅಕ್ಕೋರ, ಮಣಿ ಕೆಟ್ಟದ್ದಲ್ರಿ," ಅಂದಳು. "ನನ್ನ ಸಣ್ಣ ಕೂಸಿಗೆ ಜ್ವರ ಬಂದಾಗ ದವಾಖಾನ್ಯಾಗ ಯಾರೂ ನನ್ನ ಮಾತು ಕೇಳಲಿಲ್ಲ, ನನಗ ಅವರ ಮಾತು ತಿಳೀಲಿಲ್ಲ. ಈ ಮಣಿ ನನ್ನ ಮಾತಿನ್ಯಾಗ ಹೇಳ್ತು, ಈ ಔಷಧ ಇಷ್ಟ ಕೊಡು ಅಂತ. ಕೂಸು ಉಳೀತ್ರಿ."

ಅಕ್ಕೋರು ಅತ್ತಿತ್ತ ನೋಡಿದರು. ಕಣದ ಗೋಡೆಗೆ ಒಂದು ನೋಟೀಸು ಅಂಟಿಸಿತ್ತು, ಧೂಳು ಕೂತು ಅರ್ಧ ಮುಚ್ಚಿತ್ತು. ಎದ್ದು ಹೋಗಿ ಸೆರಗಿನಿಂದ ಒರೆಸಿ ಓದಿದರು. ತುಂಬು ಬಿಡಿಸುವ ಪ್ರತಿಯೊಬ್ಬರಿಗೂ ಮೂಗುಬಟ್ಟೆಯನ್ನು ಪುಕ್ಕಟೆ ಕೊಡತಕ್ಕದ್ದು, ಎರಡು ತಾಸಿಗೊಮ್ಮೆ ಹೊರಗೆ ಗಾಳಿಗೆ ಬಿಡತಕ್ಕದ್ದು ಅಂತ ಅದರಲ್ಲಿತ್ತು.

"ಚಾಂದಿಬಾಯಿ, ಇದನ್ನ ಮಣಿ ಓದಿ ಹೇಳೇತೇನು ನಿನಗ?"

ಚಾಂದಿಬಾಯಿ ಬಂದು ನೋಟೀಸಿನ ಮುಂದೆ ನಿಂತಳು. ಕಿವಿಗೆ ಕೈ ಒತ್ತಿ ಹಿಡಿದಳು. "ಏನೂ ಅನ್ನಂಗಿಲ್ರಿ. ಇದು ಖಾಲಿ ಕಾಗದ ಇರಬೇಕು ಅಂತ ಮಾಡಿದ್ವಿ."

ಅಕ್ಕೋರು ನೋಟೀಸಿನ ಮೂಲೆಗಳನ್ನು ಹುಡುಕಿದರು. ನೀಲಿ ಚುಕ್ಕೆ ಇರಲಿಲ್ಲ. ಮಣಿ ಓದುವುದು ನೀಲಿ ಚುಕ್ಕೆ ಇರುವ ಕಾಗದವನ್ನು, ಚುಕ್ಕೆ ಇರುವ ಸಾಲನ್ನು ಮಾತ್ರ. ಒಬ್ಬರ ಖಾಸಗಿ ಕಾಗದ ಇನ್ನೊಬ್ಬರ ಕಿವಿಗೆ ಬೀಳಬಾರದೆಂದು ಮಾಡಿದ ಕಾಯ್ದೆ ಅದು. ಚುಕ್ಕೆ ಹಾಕುವುದು, ಬಿಡುವುದು ಬರೆಸಿದವರ ಮರ್ಜಿ. ಕಣದ ಮಾಲೀಕ ನೋಟೀಸು ಅಂಟಿಸಿ ಕಾನೂನು ಪಾಲಿಸಿದ್ದ, ಚುಕ್ಕೆ ಹಾಕದೆ ಮೂಗುಬಟ್ಟೆ ಉಳಿಸಿದ್ದ.

ಅಕ್ಕೋರು ಓದಿ ಹೇಳಿದರು. ಚಾಂದಿಬಾಯಿ ಕೆಮ್ಮುತ್ತಿದ್ದ ಹೆಂಗಸರ ಕಡೆ ತಿರುಗಿ ನೋಡಿದಳು. "ಎಷ್ಟು ದಿನ ಆತ್ರಿ ಇದನ್ನ ಹಚ್ಚಿ?" ಅಂದಳು. ತಾರೀಖು ನೋಡಿದರೆ ಎರಡು ವರ್ಷ ಆಗಿತ್ತು.

ವಾಪಸು ರಾಶಿಯ ಹತ್ತಿರ ಬರುವಾಗ ಅಕ್ಕೋರು ನಿಂತುಬಿಟ್ಟರು. ರಾಶಿಯ ಮೇಲೆ ಒಂದು ಮರದ ಮಣೆ, ಮಣೆಯ ಮೇಲೆ ಅವರ ವಾಚಕ. ದೊಡ್ಡ ಹುಡುಗಿ ಗಂಗೂ, ಹೀರಾಳ ದೊಡ್ಡಪ್ಪನ ಮಗಳು, ಪುಸ್ತಕದ ಮುಂದೆ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಪುಸ್ತಕ ಕೊಟ್ಟು ಕಳಿಸುವಾಗ, ಖಾರದ ಕೈಯಿಂದ ಅದನ್ನು ಮುಟ್ಟಬಾರದೆಂದು ಅಕ್ಕೋರು ಕಟ್ಟಪ್ಪಣೆ ಮಾಡಿದ್ದರು. ಅದಕ್ಕೆ ಪುಟ ತಿರುಗಿಸುವುದು ಒಬ್ಬಳೇ, ಮಿಕ್ಕವರು ಕೂತಲ್ಲಿಂದ ನೋಡಬೇಕು. ರಾಶಿಯ ಆಚೆ, ಗಂಗೂಗೆ ಸರಿಯಾಗಿ ಎದುರಾಗಿ ಹೀರಾ ಕೂತಿದ್ದಳು. ಕೈಯಲ್ಲಿ ಮೆಣಸಿನಕಾಯಿ, ಕಣ್ಣು ಪುಸ್ತಕದಲ್ಲಿ. ಗಂಗೂ ತಪ್ಪಿದಲ್ಲಿ ಹೀರಾ ಆಚೆಯಿಂದಲೇ ತಿದ್ದುತ್ತಿದ್ದಳು.

ಅವಳಿಗೆ ಕಾಣುತ್ತಿದ್ದದ್ದು ಬೋರಲು, ಅಂದರೆ ತಲೆಕೆಳಗಾದ, ಅಕ್ಷರ. ಮೂರು ಸುಗ್ಗಿ ಅವಳು ಅಲ್ಲೇ ಕೂತಿದ್ದಳು, ಅಷ್ಟೂ ಅಕ್ಷರಗಳನ್ನು ಬೋರಲಾಗಿಯೇ ಕಲಿತಿದ್ದಳು. ಶಾಲೆಯ ಚಾಪೆಯ ಮೇಲೂ ಅವಳ ಜಾಗ ಅಕ್ಕೋರ ಎದುರಿಗೇ.

ಅಕ್ಕೋರು ಹಣೆ ಬಡಿದುಕೊಂಡರು. ಮಂಗಳವಾರ ಪುಸ್ತಕವನ್ನು ತಮ್ಮ ಕಡೆಗೆ ಇಟ್ಟುಕೊಂಡೇ ಅವಳನ್ನು ಓದಿಸಿದ್ದರು. ಪಾಟಿಯನ್ನು ತಾವು ಎದುರಿಗೆ ಕೂತು ನೋಡಿದ್ದರು, ನೆಟ್ಟಗೆ ಕಂಡಿತ್ತು, ಶಾಭಾಸ್ ಅಂದಿದ್ದರು. ಮೂರು ವರ್ಷ ಮೂಗಿನ ಕೆಳಗೆ ನಡೆದದ್ದು ಕಾಣದ ತಾವೆಂಥ ಮಾಸ್ತರಿಣಿ ಅಂತ ತಮ್ಮನ್ನೇ ಬೈದುಕೊಂಡರು. ಪುಸ್ತಕ ಎತ್ತಿ ಹೀರಾಳ ಕಡೆಗೆ ತಿರುಗಿಸಿ ಇಟ್ಟು, "ಈಗ ಓದು ಯವ್ವಾ," ಅಂದರು.

ಹೀರಾ ಗಾಬರಿಯಾಗಿ ನೋಡಿದಳು. "ಬೋರಲ ಇಟ್ರಲ್ರಿ ಅಕ್ಕೋರ," ಅಂದಳು.

ಶುಕ್ರವಾರ ತೌಸಿಫ್ ಮೇಲಿನವರಿಗೆ ಹೇಳದೆ ಒಂದು ಪರದೆಯನ್ನು ಚೀಲದಲ್ಲಿ ಹಾಕಿಕೊಂಡು ಶಾಲೆಗೆ ಬಂದ. ಅಕ್ಕೋರು ಫೋನಿನಲ್ಲಿ ಹೇಳಿದ್ದನ್ನು ಕೇಳಿ ರಾತ್ರಿ ಅವನಿಗೂ ನಿದ್ದೆ ಬಂದಿರಲಿಲ್ಲ. ಪರದೆಯನ್ನು ತಲೆಕೆಳಗು ಮಾಡಿ ಕೊಟ್ಟರೆ ಆಯಿತಲ್ಲ, ಇದೇನು ಮಹಾ ಅಂದುಕೊಂಡಿದ್ದ.

ತಲೆಕೆಳಗು ಮಾಡಿದ. ಅಕ್ಷರಗಳು ತಾವೇ ಹೊರಳಿ ನೆಟ್ಟಗಾದವು. ಪರದೆಯನ್ನು ನೆಲಕ್ಕೆ ಹಾಸಿ ಹೀರಾಳನ್ನು ಆಚೆ ಬದಿಗೆ ಕೂರಿಸಿದ. ಕ್ಯಾಮೆರಾ ಅವಳ ಮುಖ ಹುಡುಕಿ ಅಕ್ಷರಗಳನ್ನು ಅವಳ ಕಡೆಗೆ ತಿರುಗಿಸಿತು. ಕ್ಯಾಮೆರಾಕ್ಕೆ ಬೆರಳು ಅಡ್ಡ ಹಿಡಿದರೆ ಪರದೆಯೇ ಆರಿತು. ಕೊನೆಗೆ ಹೀರಾಳಿಗೇ ಒಂದು ಉಪಾಯ ಹೊಳೆಯಿತು. ಪರದೆಗೆ ಬೆನ್ನು ಮಾಡಿ ನಿಂತು, ಲಂಗ ಒತ್ತಿ ಹಿಡಿದು, ಬಗ್ಗಿ ಕಾಲ ಸಂದಿಯಿಂದ ನೋಡಿದಳು. ಯಂತ್ರ ಅವಳ ತಲೆಕೆಳಗಾದ ಮುಖವನ್ನೂ ಗುರುತು ಹಿಡಿದು ಅದಕ್ಕೆ ಸರಿಯಾಗಿ ಅಕ್ಷರಗಳನ್ನು ತಲೆಕೆಳಗು ಮಾಡಿಕೊಟ್ಟಿತು. ಹತ್ತು ಮಕ್ಕಳು ಬಿದ್ದು ಬಿದ್ದು ನಕ್ಕರು. ಹೀರಾ ನಗಲಿಲ್ಲ.

"ಯಾರು ಹೆಂಗ ಹಿಡಿದ್ರೂ ನೆಟ್ಟಗ ಕಾಣಲಿ ಅಂತ ಮಾಡ್ಯಾರ್ರಿ," ಅಂದ ತೌಸಿಫ್, ತಲೆ ಕೆರೆದುಕೊಳ್ಳುತ್ತ. "ತಲೆಗೊಂದು ಪರದೆ ಇರೋ ಮಂದಿ ಮಾಡಿದ್ದು. ಒಂದು ಪುಸ್ತಕದ ಸುತ್ತ ಹನ್ನೊಂದು ಮಂದಿ ಕೂರತಾರ ಅಂತ ಅವರಿಗೆ ಯಾಕ ಹೊಳೀಬೇಕು. ಇದನ್ನ ಬದಲು ಮಾಡೋದು ನನ್ನ ಕೈಯಾಗಿಲ್ರಿ."

ಆಮೇಲೆ ಅಕ್ಕೋರು ಹೀರಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪುಸ್ತಕವನ್ನು ನೆಟ್ಟಗಿಟ್ಟು ಓದಿಸಿದರು. ಹುಡುಗಿ ತಾಸು ಹೊತ್ತು ಗುದ್ದಾಡಿ ನಾಲ್ಕು ಪದ ಓದಿದಳು. ಒಂದು ತಿಂಗಳಿದ್ದರೆ ಸಾಕಿತ್ತು. ಇದ್ದದ್ದು ಒಂದು ದಿನ. ಹೀರಾ ಕಣ್ಣೊರೆಸಿಕೊಂಡು, "ನಾ ಕಲ್ತದ್ದು ತಪ್ಪೇನ್ರಿ ಅಕ್ಕೋರ?" ಅಂತ ಕೇಳಿದಳು.

"ತಪ್ಪಲ್ಲ. ಯಾರಾದ್ರೂ ತಪ್ಪು ಅಂದ್ರ ನನ್ನ ಹಂತ್ಯಾಕ ಕಳಿಸು," ಅಂದರು ಅಕ್ಕೋರು.

ಶನಿವಾರ ಹನ್ನೊಂದು ಗಂಟೆಗೆ ಬಣಕಾರರ ಕೋಣೆ. ಮೇಜಿನ ಆಚೆ ಬಣಕಾರರು, ಈಚೆ ಚಾಂದಿಬಾಯಿ ಮತ್ತು ಹೀರಾ. ಅಕ್ಕೋರಿಗೆ ಗೋಡೆಯ ಪಕ್ಕ ಕುರ್ಚಿ ಕೊಟ್ಟಿದ್ದರು, ಕೇಳಿದರೆ ಮಾತ್ರ ಮಾತಾಡಬೇಕೆಂದು ಹೇಳಿದ್ದರು. ಅವರು ಕೇಳದೆಯೇ ಎಲ್ಲಾ ಹೇಳಿದರು. ರಾಶಿ, ಮಣೆ, ಒಂದೇ ಪುಸ್ತಕ, ತಾನೇ ತಿರುಗುವ ಪರದೆ, ಒಂದನ್ನೂ ಬಿಡಲಿಲ್ಲ. ತೌಸಿಫನ ಹೆಸರೊಂದನ್ನು ಬಿಟ್ಟರು.

ಬಣಕಾರರು ತಾಳ್ಮೆಯಿಂದ ಕೇಳಿದರು. "ಅಕ್ಕೋರೆ, ಬೋರಲಾಗಿ ಓದೋದು ಓದಲ್ಲ. ಅದು ಸರ್ಕಸ್ಸು. ನಾಳೆ ಇವಳಿಗೆ ಯಾವ ಬೋರ್ಡು ಬೋರಲಾಗಿ ಬರೆದು ಹಾಕ್ತಾರೆ, ನೀವೇ ಹೇಳ್ರಿ."

"ಒಂದು ತಿಂಗಳು."

"ಆಗೋದಿಲ್ಲ."

ಹಿಂದೆಗೆದುಕೊಳ್ಳಲಾಗದ ಆದೇಶಗಳನ್ನು ಮಾತ್ರ ಇನ್ನೂ ಕಾಗದದ ಮೇಲೆ ಅಚ್ಚು ಹಾಕಬೇಕೆಂಬ ನಿಯಮವಿತ್ತು. ಬಣಕಾರರು ಕಡತ ಬಿಚ್ಚಿ ಹೀರಾಳ ಆದೇಶವನ್ನು ತಮ್ಮ ಮುಂದೆ ಇಟ್ಟುಕೊಂಡರು. ಹೆಬ್ಬೆಟ್ಟಿನ ಮಸಿಡಬ್ಬಿಯನ್ನು ಚಾಂದಿಬಾಯಿಯ ಮುಂದೆ ಸರಿಸಿದರು. ಚಾಂದಿಬಾಯಿ ಕಾಗದದ ಕಡೆ ನೋಡಿದಳು, ಕಿವಿಯಲ್ಲಿ ಮಣಿ ಅವಳದೇ ಮಾತಿನಲ್ಲಿ ಹೇಳಲು ಶುರುಮಾಡಿತು. ಅವಳು ತಲೆಯಾಡಿಸುತ್ತ ಕೇಳಿದಳು.

"ಏನಂತೈತಿ?" ಅಂದರು ಅಕ್ಕೋರು.

"ನಿಮ್ಮ ಮಗಳಿಗೆ ಸರ್ಕಾರ ಹೊಸ ಹಾದಿ ತೋರಸ್ತೈತಿ, ಸಂತೋಷದಿಂದ ಹೆಬ್ಬೆಟ್ಟು ಒತ್ರಿ ಅಂತೈತ್ರಿ."

ಹೀರಾ ಅವ್ವನ ಪಕ್ಕದಲ್ಲಿ ನಿಂತು, ಗದ್ದ ಮೇಜಿಗೆ ಊರಿ ಸುಮ್ಮನೆ ನೋಡುತ್ತಿದ್ದಳು. ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಅವಳು ಓದಲು ಶುರುಮಾಡಿದಳು, ಕಣದಲ್ಲಿ ಓದುವ ಹಾಗೆ, ಎಲ್ಲರಿಗೂ ಕೇಳುವ ದನಿಯಲ್ಲಿ.

"ಸದರಿ ವಿದ್ಯಾರ್ಥಿನಿ ಹೀರಾ ತಂದೆ ರಾಮಜಿ ಲಮಾಣಿ ಇವಳು ಅಕ್ಷರಗಳನ್ನು ಓದಲು ಅಸಮರ್ಥಳಿರುವುದು ಯಂತ್ರದಿಂದ ಖಚಿತಪಟ್ಟಿರುತ್ತದೆ."

ಬಣಕಾರರು ತಲೆಯೆತ್ತಿದರು. ಹೀರಾ ಅವರ ಕಡೆ ನೋಡಲಿಲ್ಲ. ಅವಳ ಕಣ್ಣು ಕಾಗದದ ಮೇಲೆ ಬಲದಿಂದ ಎಡಕ್ಕೆ ಕುಪ್ಪಳಿಸುತ್ತಿತ್ತು. 'ಖಚಿತಪಟ್ಟಿರುತ್ತದೆ' ಅನ್ನುವಲ್ಲಿ ಸ್ವಲ್ಪ ತಡೆದಿದ್ದಳು, ಮುಂದಿನ ಸಾಲು ಸಲೀಸಾಗಿ ಬಂತು.

"ಕಚೇರಿ ಟಿಪ್ಪಣಿ. ಪೋಷಕರು ಅನಕ್ಷರಸ್ಥರು ಹಾಗೂ ವಲಸಿಗರು ಇರುವುದರಿಂದ ಆಕ್ಷೇಪಣೆ ಬರುವ ಸಂಭವ ಇರುವುದಿಲ್ಲ. ಮರುಪರೀಕ್ಷೆ..."

ಬಣಕಾರರ ಅಂಗೈ ಕಾಗದದ ಮೇಲೆ ಬಿತ್ತು. "ಅದು ಒಳಗಿನ ಟಿಪ್ಪಣಿ," ಅಂದರು. "ಓದಬಾರದು."

ಅಕ್ಕೋರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಚಾಂದಿಬಾಯಿ ಮಗಳ ಕಡೆ ತಿರುಗಿ, "ಅದೇನ ಓದಿದಿ? ಅನಕ್ಷರಸ್ಥ ಅಂದ್ರೇನು? ಆಕ್ಷೇಪಣೆ ಅಂದ್ರೇನು?" ಅಂದಳು.

ಹೀರಾ ಲಂಬಾಣಿಯಲ್ಲಿ ಹೇಳಿದಳು. ಗೊತ್ತಿಲ್ಲದ ಕಡೆ ಅಕ್ಕೋರ ಮುಖ ನೋಡಿದಳು, ಅಕ್ಕೋರು ಕನ್ನಡದಲ್ಲಿ ಬಿಡಿಸಿ ಹೇಳಿದರು, ಅವಳು ಅದನ್ನು ಮತ್ತೆ ಅವ್ವನಿಗೆ ಹೇಳಿದಳು. ಮುಗಿಯುವ ಹೊತ್ತಿಗೆ ಚಾಂದಿಬಾಯಿಯ ಮುಖ ಗಟ್ಟಿಯಾಗಿತ್ತು. ಅವಳು ಕಿವಿಗೆ ಕೈ ಹಾಕಿ ಮಣಿಯನ್ನು ತೆಗೆದು ಮೇಜಿನ ಮೇಲೆ ಇಟ್ಟಳು. ಅದು ಅಲ್ಲಿಂದಲೂ ಸಣ್ಣ ದನಿಯಲ್ಲಿ ಹೆಬ್ಬೆಟ್ಟಿನ ಮಾತಾಡುತ್ತಲೇ ಇತ್ತು.

"ಇದು ನನಗ ಆ ಸಾಲು ಯಾಕ ಹೇಳಲಿಲ್ರಿ ಸಾಹೇಬ್ರ?"

ಆ ಸಾಲಿಗೆ ನೀಲಿ ಚುಕ್ಕೆ ಹಾಕದೆ ಬಿಟ್ಟದ್ದು ಬಣಕಾರರೇ.

"ಹೆಬ್ಬೆಟ್ಟು ನಾ ಒತ್ತಂಗಿಲ್ಲ," ಅಂದಳು ಚಾಂದಿಬಾಯಿ.

"ತಾಯಿ, ಸುಮ್ಮನೆ ಒಲ್ಲೆ ಅಂದರೆ ನಡೆಯೋದಿಲ್ಲ." ಬಣಕಾರರ ದನಿಯ ಮೆತ್ತನೆ ಹೋಗಿತ್ತು. "ಬಾಯಿಮಾತಿನ ಆಕ್ಷೇಪಣೆಯನ್ನ ಕಡತ ತಗೊಳ್ಳೋದಿಲ್ಲ. ಈ ಆದೇಶದ ಮೇಲೇನೇ, ನಿಮ್ಮ ಕಡೆಯವರ ಸ್ವಂತ ಕೈಬರಹದಲ್ಲಿ ಇರಬೇಕು. ಅಕ್ಕೋರು ಬರೆಯೋ ಹಂಗಿಲ್ಲ. ಕೈಬರಹ ಇದ್ದರೆ ಆದೇಶ ನಿಲ್ತದೆ, ಇಲ್ಲದಿದ್ದರೆ ಇಲ್ಲ. ಇದು ನಾನು ಮಾಡಿದ ನಿಯಮ ಅಲ್ಲ."

ಅಂದ ಮೇಲೆ ಅವರಿಗೆ ತಾವೇನು ಅಂದೆವೆಂದು ಹೊಳೆಯಿತು. ಹೊಳೆಯುವುದರೊಳಗೆ ಅಕ್ಕೋರು ಎದ್ದು ಬಂದು ತಮ್ಮ ಪೆನ್ನನ್ನು ಹೀರಾಳ ಕೈಗೆ ಕೊಟ್ಟಾಗಿತ್ತು.

"ಕೈ ತಗೀರಿ ಸಾಹೇಬ್ರ," ಅಂದಳು ಚಾಂದಿಬಾಯಿ.

ಬಣಕಾರರು ಕೈ ತೆಗೆದರು. ಹೀರಾ ಕಾಗದವನ್ನು ತನ್ನ ಕಡೆ ಎಳೆದುಕೊಳ್ಳಲಿಲ್ಲ, ತಿರುಗಿಸಲಿಲ್ಲ. ಮೇಜಿನ ಮೇಲೆ ಬಗ್ಗಿ, ಆಚೆಯ ತುದಿಗೆ ಕೈ ಚಾಚಿ, ಟಿಪ್ಪಣಿಯ ಕೆಳಗಿದ್ದ ಖಾಲಿ ಜಾಗದಲ್ಲಿ ತನ್ನ ಬಲದಿಂದ ಎಡಕ್ಕೆ ಬರೆದಳು. ಒಂದೊಂದು ಅಕ್ಷರಕ್ಕೂ ನಾಲಿಗೆ ತುದಿ ಹೊರಗೆ ಬರುತ್ತಿತ್ತು. ಬಣಕಾರರ ಕಣ್ಣ ಕೆಳಗೆ ಅಕ್ಷರಗಳು ದುಂಡಗೆ, ನೆಟ್ಟಗೆ, ಅವರ ಕಡೆಗೇ ಮುಖ ಮಾಡಿ ಬಿದ್ದವು.

ಬರೆದು ಮುಗಿಸಿ ಅವಳು ಪೆನ್ನಿನ ಮುಚ್ಚಳ ಹಾಕಿದಳು.

"ಏನ ಬರದಾಳ ನನ್ನ ಮಗಳು?" ಅಂದಳು ಚಾಂದಿಬಾಯಿ. "ಗಟ್ಟಿಯಾಗಿ ಓದ್ರಿ. ನನಗ ಮಣಿ ಇಲ್ಲ."

ಬಣಕಾರರು ಒಮ್ಮೆ ಬಾಗಿಲ ಕಡೆ ನೋಡಿದರು. ಅಲ್ಲಿ ತೌಸಿಫ್ ಕೈ ಕಟ್ಟಿ ನಿಂತಿದ್ದ. ಅವರು ಗಂಟಲು ಸರಿಮಾಡಿಕೊಂಡು ಓದಿದರು.

"ಆಕ್ಷೇಪಣೆ ಐತಿ. ಹೀರಾ ಲಮಾಣಿ."

"ಹೌದ್ರಿ," ಅಂದಳು ಚಾಂದಿಬಾಯಿ. "ಐತಿ."